ಪೈಲ್ವಾನನ ತೊಟ್ಟಿಗೆ ಸೀಗಡಿ ಬಿಟ್ಟದ್ದು

ಲಿಫ್ಟ್ ಮೇಸ್ತ್ರಿಗೆ ಪಾರ್ಶ್ವವಾಯು ಬಡಿದು ಎಂಟು ತಿಂಗಳಾಗಿತ್ತು. ಬಲಗಾಲು ಅರ್ಧಂಬರ್ಧ ವಾಪಸು ಬಂದಿತ್ತು. ಬಲಗೈ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಮಾತಂತೂ ಪೂರ್ತಿ ಹೋಗಿತ್ತು, ಒಂದೇ ಒಂದು ಪದ ಬಿಟ್ಟು. ಆ ಪದ ‘ಆಯ್ತು’. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು. ಬೆನ್ನು ನೋಯುತ್ತಿದೆ ಎನ್ನುವುದಕ್ಕೂ ಅದೇ, ಫ್ಯಾನು ಆರಿಸು ಎನ್ನುವುದಕ್ಕೂ ಅದೇ. ಒಂದು ಕಾಲದಲ್ಲಿ ಯಾವುದಾದರೂ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟರೆ, ಒಳಗೆ ಸಿಕ್ಕಿಕೊಂಡವರಿಗೆ ಗಾಬರಿಯಾಗದಿರಲಿ ಎಂದು ಬಾಗಿಲ ಸಂದಿಗೆ ಬಾಯಿಟ್ಟು ಊರ ಸುದ್ದಿಯೆಲ್ಲ ಹೇಳುತ್ತಲೇ ರಿಪೇರಿ ಮಾಡುತ್ತಿದ್ದ ಮನುಷ್ಯ ಅವನು. ಲಿಫ್ಟು ಸರಿಯಾದ ಮೇಲೂ ಮಾತು ಮುಗಿಯಲಿ ಎಂದು ಒಳಗಿದ್ದವರು ನಿಂತಿರುತ್ತಿದ್ದರಂತೆ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ.

ಅವನ ಹೆಂಡತಿಯನ್ನು ಬೀದಿಯಲ್ಲಿ ಎಲ್ಲರೂ ಟೈಲರಕ್ಕ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರೂ ಕೂಡ. ಮುಂದಿನ ಕೋಣೆಯ ಅರ್ಧ ಭಾಗ ಅವಳದು: ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಉದ್ದ ಕಡಿಮೆ ಮಾಡಲು ಬಂದ ಪ್ಯಾಂಟುಗಳ ರಾಶಿ. ಇನ್ನರ್ಧ ಅವನದು. ಅಲ್ಲಿ ಐದಡಿ ಉದ್ದದ ಗಾಜಿನ ತೊಟ್ಟಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಉಪ್ಪುನೀರಿನ ತೊಟ್ಟಿ. ಹನ್ನೊಂದು ವರ್ಷದಿಂದ ಅವನು ಅದನ್ನು ಸಾಕಿಕೊಂಡು ಬಂದಿದ್ದ. ಕಡಲಿನ ಕಲ್ಲುಗಳನ್ನು ಒಂದರ ಮೇಲೊಂದು ಅಂಟು ಹಾಕಿ ಕೂರಿಸಿ, ಕಮಾನು, ಗುಹೆ, ಕಿಂಡಿ ಎಲ್ಲ ಮಾಡಿ, ಮೂರು ಮಹಡಿಯ ಮನೆಯನ್ನೇ ಕಟ್ಟಿದ್ದ. ‘ಒಂದು ಲಿಫ್ಟ್ ಹಾಕೋದು ಬಾಕಿ ಇದೆ ನೋಡು’ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ‘ಅದೊಂದು ನನ್ನ ಸವತಿ’ ಎಂದು ಟೈಲರಕ್ಕ ಒಳಗಿನಿಂದಲೇ ಸೇರಿಸುತ್ತಿದ್ದಳು.

ಆ ಮೂರು ಮಹಡಿಯ ಮನೆಗೆ ಯಜಮಾನ ಪೈಲ್ವಾನ. ಮೀನಿನ ಅಂಗಡಿಯವರ ಭಾಷೆಯಲ್ಲಿ ಅದಕ್ಕೆ ಬೇರೇನೋ ಇಂಗ್ಲಿಷ್ ಹೆಸರಿತ್ತು, ಟೈಲರಕ್ಕನಿಗೆ ಎಂದೂ ನೆನಪಿರಲಿಲ್ಲ. ಒಂದು ಗೇಣು ಉದ್ದ, ಹಲಗೆಯ ಹಾಗೆ ಚಪ್ಪಟೆ ಮೈ, ಕಂದು ಬಣ್ಣಕ್ಕೆ ನೀಲಿ ಗೀರು. ಕಣ್ಣುಗಳು ಒಂದು ಅತ್ತ, ಒಂದು ಇತ್ತ ಬೇರೆ ಬೇರೆಯಾಗಿ ತಿರುಗುತ್ತಿದ್ದವು. ಬಾಯಿ ಚಿಕ್ಕದು, ಹಲ್ಲು ಮಾತ್ರ ಇಕ್ಕಳ. ಜೊತೆಗಿರಲಿ ಎಂದು ಬಿಟ್ಟ ಬಸವನಹುಳ, ಏಡಿ, ಮೀನು ಎಲ್ಲವನ್ನೂ ಅದು ಮುಗಿಸಿತ್ತು. ಒಮ್ಮೆ ನೀರು ಬಿಸಿ ಮಾಡುವ ಹೀಟರಿನ ವೈರನ್ನೂ ಕಚ್ಚಿತ್ತು. ಉಳಿದದ್ದು ಎರಡು ಪುಟ್ಟ ನೀಲಿ ಮೀನು ಮಾತ್ರ. ಅವು ಸಿಡುಕಿನಲ್ಲಿ ಪೈಲ್ವಾನನಿಗೆ ಸಾಟಿ, ಓಡುವುದರಲ್ಲಿ ಒಂದು ಕೈ ಹೆಚ್ಚು.

ಮೇಸ್ತ್ರಿ ಬಿದ್ದ ಮೇಲೆ ತೊಟ್ಟಿಯ ಕೆಲಸವೂ ಟೈಲರಕ್ಕನ ತಲೆಗೆ ಬಂತು. ಹನ್ನೊಂದು ವರ್ಷ ಕಣ್ಣೆದುರಿಗೇ ನಡೆದ ಕೆಲಸ, ಆದರೆ ಅವಳು ಒಂದು ದಿನವೂ ಗಮನವಿಟ್ಟು ನೋಡಿರಲಿಲ್ಲ. ಅವನು ಬರೆದಿಟ್ಟವನೂ ಅಲ್ಲ. ಎಷ್ಟು ಬಕೆಟ್ಟಿಗೆ ಎಷ್ಟು ಉಪ್ಪು, ಯಾವ ಪೈಪು ಯಾವಾಗ ತೊಳೆಯಬೇಕು, ಎಲ್ಲವೂ ಅವನ ತಲೆಯೊಳಗಿತ್ತು, ತಲೆಯ ಬಾಗಿಲು ಮುಚ್ಚಿತ್ತು. ಅವಳು ಉಪ್ಪು ಕದಡುವಾಗ ಅವನು ಕುರ್ಚಿಯಲ್ಲಿ ಕೂತು ಎಡಗೈ ಎತ್ತಿದರೆ ಇನ್ನಷ್ಟು ಬೇಕು, ಇಳಿಸಿದರೆ ಸಾಕು. ಹೇಗೋ ಎಂಟು ತಿಂಗಳು ತಳ್ಳಿಕೊಂಡು ಬಂದರು.

ವಾರಕ್ಕೆ ಎರಡು ಸಲ ಒಬ್ಬ ಹುಡುಗಿ ಚಿತ್ರದ ಕಾರ್ಡುಗಳನ್ನು ಹಿಡಿದುಕೊಂಡು ಬಂದು ಮೇಸ್ತ್ರಿಗೆ ಮಾತು ಕಲಿಸುತ್ತಿದ್ದಳು. ಇವರು ಅವಳನ್ನು ಮಾತಿನ ಟೀಚರ್ ಎನ್ನುತ್ತಿದ್ದರು. ಅವಳು ಮೊದಲ ವಾರವೇ ಹೇಳಿದ್ದಳು: ‘ಅಕ್ಕಾ, ಅವರ ಬಾಯಲ್ಲಿ ಬರೋ ಪದಕ್ಕೆ ಅರ್ಥ ಹಚ್ಚೋಕೆ ಹೋಗಬೇಡಿ. ಆಯ್ತು ಅಂದ್ರೆ ಆಯ್ತು ಅಂತ ಅಲ್ಲ. ಮುಖ ನೋಡಿ, ಕೈ ನೋಡಿ. ಒಳಗೆ ಎಲ್ಲ ಸರಿಯಾಗೇ ಇದೆ.’

ಟೈಲರಕ್ಕ ತಲೆ ಆಡಿಸಿದ್ದಳು. ತನಗೆ ಅರ್ಥವಾಗಿದೆ ಎಂದೇ ಅಂದುಕೊಂಡಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಮೇಸ್ತ್ರಿ ತೊಟ್ಟಿಯ ಗಾಜನ್ನು ಎಡಗೈ ಬೆರಳಿನಿಂದ ಕುಟ್ಟತೊಡಗಿದ. ಅವಳು ಯಂತ್ರ ನಿಲ್ಲಿಸಿ ಬಂದು ನೋಡಿದರೆ ಪೈಲ್ವಾನನ ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳು, ಯಾರೋ ಉಪ್ಪು ಉದುರಿಸಿದ ಹಾಗೆ. ಮರುದಿನಕ್ಕೆ ಮೈಯೆಲ್ಲ ಹರಡಿತು. ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು, ಓಡಿ ಬಂದವರ ಹಾಗೆ ಏದುತ್ತಿತ್ತು. ಮೇಸ್ತ್ರಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಅದನ್ನೇ ನೋಡುತ್ತ ಕೂತ.

ಟೈಲರಕ್ಕನಿಗೆ ಹೆದರಿಕೆಯಾಯಿತು. ಮೀನಿನ ಬಗ್ಗೆ ಅಲ್ಲ. ಬೆಳಗಾದರೆ ಈ ಮನುಷ್ಯ ಕುರ್ಚಿಯಲ್ಲಿ ಬಂದು ಕೂರುವುದು ಆ ಮೀನಿನ ಮುಖ ನೋಡಲು. ಅದೂ ಹೋದರೆ ಅವನು ಯಾಕೆ ಎದ್ದು ಬರುತ್ತಾನೆ? ಮಧ್ಯಾಹ್ನವೇ ಬಸ್ಸು ಹತ್ತಿ ಮೀನಿನ ಅಂಗಡಿಗೆ ಹೋದಳು.

ಅಂಗಡಿಯ ಯಜಮಾನನಿಗೆ ಮೇಸ್ತ್ರಿ ಇಟ್ಟ ಅಡ್ಡಹೆಸರು ಮೀನಪ್ಪ. ಮೀನಪ್ಪನಿಗೆ ಗೊತ್ತಿಲ್ಲದ ಮೀನಿಲ್ಲ. ಆದರೆ ಆ ದಿನ ಮೀನಪ್ಪ ಇರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದ. ಗಲ್ಲಾದಲ್ಲಿ ಅಳಿಯ ಕೂತಿದ್ದ, ಒಳ್ಳೆಯ ಮನುಷ್ಯ, ನಗುಮುಖ.

‘ಮೈಮೇಲೆ ಬಿಳೀ ಚುಕ್ಕೆನಾ?’ ಎಂದ ಅಳಿಯ. ‘ಹುಳ ಅದು. ಯಾವ ಮೀನು?’

‘ದೊಡ್ಡದು. ಕಂದು ಬಣ್ಣ. ನಮ್ಮನೇಲಿ ಪೈಲ್ವಾನ ಅಂತೀವಿ.’

ಅಳಿಯ ನಕ್ಕ. ಮೂಲೆಯ ತೊಟ್ಟಿಯೊಂದರ ಬಳಿ ಕರೆದುಕೊಂಡು ಹೋಗಿ ತೋರಿಸಿದ. ಬೆರಳುದ್ದದ ಸೀಗಡಿಗಳು. ಕೆಂಪು ಬೆನ್ನು, ಬೆನ್ನ ಮೇಲೆ ಬೈತಲೆ ತೆಗೆದ ಹಾಗೆ ಬಿಳಿ ಪಟ್ಟಿ, ಮೈಗಿಂತ ಉದ್ದದ ಬಿಳಿ ಮೀಸೆ. ಒಂದು ಸೀಗಡಿ ಹಳದಿ ಮೀನೊಂದರ ಕೆನ್ನೆಯ ಮೇಲೆ ಹತ್ತಿಕೊಂಡು, ಹೇನು ಹೆಕ್ಕುವ ಅಜ್ಜಿಯಷ್ಟು ತಾಳ್ಮೆಯಿಂದ ಏನೋ ಹೆಕ್ಕುತ್ತಿತ್ತು. ಮೀನು ಕಣ್ಣರಳಿಸಿ ಸುಖವಾಗಿ ನಿಂತಿತ್ತು.

‘ನೋಡಿದ್ರಾ? ಇವುಗಳ ಕೆಲಸಾನೇ ಇದು. ಔಷಧಿ ಗಿವುಷಧಿ ಏನೂ ಬೇಡ.’

ಟೈಲರಕ್ಕನಿಗೆ ಆ ದೃಶ್ಯ ಬಹಳ ಹಿಡಿಸಿಬಿಟ್ಟಿತು. ಪೈಲ್ವಾನ ಮುಗಿಸಿದ್ದ ಏಡಿ, ಬಸವನಹುಳ ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ಮೂರು ಸೀಗಡಿ ಕೊಡಿ ಎಂದಳು. ಬಸ್ಸಿನಲ್ಲಿ ನೀರಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಪ್ರತಿ ತಿರುವಿನಲ್ಲೂ ಎರಡು ಕೈಯಿಂದ ತಬ್ಬಿ ಹಿಡಿದು ಮನೆಗೆ ತಂದಳು.

ಚೀಲ ಕಂಡದ್ದೇ ತಡ, ಮೇಸ್ತ್ರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ‘ಆಯ್ತು’ ಎಂದ. ಅವಳು ಅಂಗಡಿಯವನು ಹೇಳಿಕೊಟ್ಟ ಹಾಗೆ ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಿ ಬಿಟ್ಟಳು. ‘ಆಯ್ತು, ಆಯ್ತು, ಆಯ್ತು’ ಎಂದು ಅವನ ದನಿ ಏರಿತು. ಎಡಗೈಯಿಂದ ಕುರ್ಚಿಯ ಕೈಯನ್ನು ಬಡಿದ. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಎಂಟು ತಿಂಗಳಲ್ಲಿ ಅವನಲ್ಲಿ ಇಷ್ಟು ಜೀವ ಕಂಡಿರಲಿಲ್ಲ.

‘ಇರಿ ಇರಿ, ಅವಸರ ಮಾಡಬೇಡಿ’ ಎಂದಳು. ‘ನೀರಿಗೆ ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬಿಡಬೇಕಂತೆ. ಆಮೇಲೆ ನೀವೇ ನೋಡುವಿರಂತೆ, ನಿಮ್ಮ ಪೈಲ್ವಾನನಿಗೆ ಹೇಗೆ ಸೇವೆ ಮಾಡ್ತಾವೆ ಅಂತ.’

‘ಆಯ್ತು’ ಎಂದು ಅವನು ಕಿರುಚಿದ. ಎಡಗೈಯನ್ನು ಅವಳತ್ತ ಚಾಚಿ ಏಳಲು ನೋಡಿದ, ಬಲಗಾಲು ಕೈಕೊಟ್ಟು ಮತ್ತೆ ಕುರ್ಚಿಗೆ ಬಿದ್ದ.

ಅವಳು ಚೀಲದ ಬಾಯಿ ಬಿಚ್ಚಿದಳು.

ಮೊದಲ ಸೀಗಡಿ ಕಾಲು ಬಡಿಯುತ್ತ, ಮೀಸೆ ತೂಗುತ್ತ ಕೆಳಗಿಳಿಯಿತು. ಪೈಲ್ವಾನ ಕಮಾನಿನ ಕೆಳಗಿನಿಂದ ಹೊರಬಂದು ಒಂದು ಕಣ್ಣು ತಿರುಗಿಸಿ ನೋಡಿತು. ಸೀಗಡಿ ಧೈರ್ಯವಾಗಿ ಅದರತ್ತಲೇ ಹೋಯಿತು, ಮೈ ಅಲ್ಲಾಡಿಸುತ್ತ, ಬಂದೆ ಬಂದೆ ಎನ್ನುವ ಹಾಗೆ. ಮೀನು ಅದನ್ನು ನಡುವಿಗೆ ಸರಿಯಾಗಿ ಹಿಡಿಯಿತು. ಕಟಕ್ ಎಂದು ಗಾಜಿನ ಈಚೆಗೂ ಕೇಳಿಸಿತು. ಎರಡನೆಯದು ಇನ್ನೂ ನೆಲ ಮುಟ್ಟಿರಲಿಲ್ಲ, ಅದೂ ಹೋಯಿತು. ಅದರ ಮೀಸೆ ಮಾತ್ರ ಉಳಿದು ನೀರಿನಲ್ಲಿ ದಾರದ ಎಳೆಗಳ ಹಾಗೆ ತಿರುಗಿತು. ಮೂರನೆಯದು ಹಿಂದಕ್ಕೆ ಚಿಮ್ಮಿ ಕಲ್ಲಿನ ಕಿಂಡಿಯೊಂದರಲ್ಲಿ ಮಾಯವಾಯಿತು. ಪೈಲ್ವಾನ ಕಿಂಡಿಗೆ ಬಾಯಿಟ್ಟು ಎರಡು ಸಲ ಕಚ್ಚಿ ನೋಡಿ, ಸಿಗದೆ, ಅದರ ಮುಂದೆಯೇ ಕಾವಲು ನಿಂತಿತು.

ಎಲ್ಲ ಸೇರಿ ಎರಡು ನಿಮಿಷವೂ ಹಿಡಿಯಲಿಲ್ಲ. ಅವಳ ಕೈಯಲ್ಲಿ ಖಾಲಿ ಚೀಲ ಇನ್ನೂ ತೊಟ್ಟಿಕ್ಕುತ್ತಿತ್ತು.

ತಿರುಗಿ ನೋಡಿದಳು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡಿದ್ದ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಸೊಟ್ಟಗಾದ ಬಾಯಿಯ ಮೂಲೆ ಸೇರುತ್ತಿತ್ತು. ‘ಆಯ್ತು’ ಎಂದ, ತೀರಾ ಮೆಲ್ಲಗೆ. ಅವನು ಅಷ್ಟು ಹೊತ್ತು ಹೇಳಿದ್ದು ಬೇಡ, ಬೇಡ, ಬೇಡ ಎಂದು. ಅವಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿರಲಿಲ್ಲ.

‘ನನಗೆ ಗೊತ್ತಾಗಲಿಲ್ಲ ಕಣ್ರೀ’ ಎಂದಳು.

ಸೀಗಡಿ ಸತ್ತದ್ದಷ್ಟೇ ಆಗಿದ್ದರೆ ಒಂದು ದಿನ ಬೇಸರ ಮಾಡಿಕೊಂಡು ಮರೆಯಬಹುದಿತ್ತು. ನಿಜವಾದ ತೊಂದರೆ ಮರುದಿನ ಶುರುವಾಯಿತು. ಅವಳು ಅಂಗಡಿಗೆ ಹೋಗಿ ನಡೆದದ್ದು ಹೇಳಿದಾಗ ಅಳಿಯ ಕೆನ್ನೆ ಕೆರೆದುಕೊಂಡು ‘ಅಯ್ಯೋ, ನಿಮ್ಮದು ಕಚ್ಚೋ ಜಾತಿ ಅಂತ ಮೊದಲೇ ಹೇಳಬಾರದಿತ್ತಾ ಅಕ್ಕಾ’ ಎಂದ. ಪೈಲ್ವಾನ ಅಂತ ಅವಳು ಹೇಳಿಯೇ ಇದ್ದಳು. ಅವನು ಕಪಾಟಿನಿಂದ ನೀಲಿ ಔಷಧಿಯ ಬಾಟಲಿ ತೆಗೆದು, ಹಿಂದಿನ ಚೀಟಿ ಓದತೊಡಗಿ, ಅರ್ಧಕ್ಕೆ ನಿಲ್ಲಿಸಿದ.

‘ಇದು ತಾಮ್ರದ ಔಷಧಿ. ಸೀಗಡಿ, ಬಸವನಹುಳ ಇರೋ ತೊಟ್ಟಿಗೆ ಹಾಕಬಾರದು ಅಂತಿದೆ. ನಿಮ್ಮದರಲ್ಲಿ ಒಂದು ಉಳಿದಿದೆ ಅಂದ್ರಲ್ಲ. ಅದನ್ನ ತೆಗೀರಿ, ಇಲ್ಲಾಂದ್ರೆ ಮೀನನ್ನೇ ಬೇರೆ ಟಬ್ಬಿಗೆ ಹಾಕಿ ಔಷಧಿ ಕೊಡಿ.’

ಹೇಳುವುದು ಸುಲಭ. ಸೀಗಡಿ ಕಿಂಡಿಯೊಳಗೆ ಎಲ್ಲಿ ಅಡಗಿತ್ತೋ ಮೀಸೆಯ ತುದಿಯೂ ಕಾಣಲಿಲ್ಲ. ಅವಳು ಉದ್ದದ ಕಡ್ಡಿಯೊಂದಕ್ಕೆ ಆಹಾರದ ಚೂರು ಕಟ್ಟಿ ಕಿಂಡಿಯ ಮುಂದೆ ಹಿಡಿದಳು. ಪೈಲ್ವಾನ ಬಂದು ಕಡ್ಡಿಯನ್ನೇ ಕಚ್ಚಿ ಎಳೆಯಿತು. ಕಲ್ಲು ಎತ್ತೋಣವೆಂದರೆ ಅವೆಲ್ಲ ಅಂಟು ಹಾಕಿ ಕೂರಿಸಿದ ಒಂದೇ ಗುಡ್ಡ, ಇಬ್ಬರು ಗಂಡಸರು ಬೇಕು. ಬುಧವಾರ ಹೀಗೇ ಕಳೆಯಿತು. ಗುರುವಾರ ಬೆಳಿಗ್ಗೆ ನಾದಿನಿ ಅಣ್ಣನನ್ನು ನೋಡಲು ಬಂದಳು. ವಿಷಯ ಕೇಳಿ ಅವಳಿಗೆ ರೇಗಿತು.

‘ಒಂದು ಸೀಗಡಿಗೋಸ್ಕರ ಇಷ್ಟು ಒದ್ದಾಟಾನಾ ಅತ್ತಿಗೆ? ನಿಮಗೆ ಇರೋ ಕೆಲಸ ಸಾಲದಾ? ಔಷಧಿ ಸುರಿದುಬಿಡಿ. ಸತ್ತರೆ ಸಾಯಲಿ.’

ಅದೂ ಸರಿಯೆನಿಸಿತು. ಟೈಲರಕ್ಕ ಬಾಟಲಿಯ ಮುಚ್ಚಳ ತೆಗೆದು ತೊಟ್ಟಿಯ ಬಳಿ ಹೋದಳು. ‘ಆಯ್ತು’ ಎಂದ ಮೇಸ್ತ್ರಿ. ಈ ಸಲ ಅವಳು ನಿಂತಳು. ಬಾಟಲಿ ಕೆಳಗಿಟ್ಟು, ಅವನ ಎದುರು ಕುಕ್ಕರಗಾಲಲ್ಲಿ ಕೂತು ಮುಖ ನೋಡಿದಳು. ಅವನು ಅವಳ ಮಣಿಕಟ್ಟು ಹಿಡಿದು, ತಲೆಯನ್ನು ಅತ್ತಿತ್ತ ಆಡಿಸಿದ. ಬೇಡ ಎಂದೇ ಅರ್ಥ. ಸೀಗಡಿಯ ಮೇಲಿನ ಕನಿಕರವೋ, ಹನ್ನೊಂದು ವರ್ಷದ ಕಲ್ಲುಗಳು ಔಷಧಿ ಕುಡಿದು ಕೆಟ್ಟುಹೋಗುತ್ತವೆ ಎಂದೋ, ಬೇರೇನು ಕಾರಣವೋ, ಕೇಳಿದರೂ ಹೇಳುವ ಹಾಗಿರಲಿಲ್ಲ. ನಾದಿನಿ ಕೈಚೀಲ ತೆಗೆದುಕೊಂಡು ‘ನಿಮ್ಮಿಬ್ಬರದೂ ಒಂದೇ ಹಟ’ ಎಂದು ಹೊರಟುಹೋದಳು.

ಹಾಗಾದರೆ ಮೀನನ್ನೇ ತೆಗೆಯಬೇಕು. ಟೈಲರಕ್ಕ ಎದುರಿನ ಅಂಗಡಿಯಿಂದ ಹೊಸ ಪ್ಲಾಸ್ಟಿಕ್ ಟಬ್ಬು ತಂದು ಮೇಸ್ತ್ರಿಯ ಕುರ್ಚಿಯ ಪಕ್ಕದಲ್ಲಿಟ್ಟು, ತೊಟ್ಟಿಯ ನೀರನ್ನೇ ತುಂಬಿ, ಗಾಳಿಯ ಕೊಳವೆ ಬಿಟ್ಟಳು. ಬಲೆ ಹಿಡಿದು ತೊಟ್ಟಿಗೆ ಕೈ ಹಾಕಿದ್ದೇ ಪೈಲ್ವಾನ ಮೊದಲು ಅವಳ ತೋರುಬೆರಳಿಗೆ ಬಾಯಿ ಹಾಕಿತು. ಉಗುರಿನ ಪಕ್ಕದ ಮಾಂಸ ಒಂದು ಚೂರು ಹೋಯಿತು. ಬಟ್ಟೆ ಸುತ್ತಿಕೊಂಡು, ರಬ್ಬರ್ ಗ್ಲೌಸ್ ಹಾಕಿಕೊಂಡು ಮತ್ತೆ ಬಂದಳು. ಆಗ ಮೀನು ಕಮಾನಿನ ಸಂದಿಗೆ ನುಗ್ಗಿ, ಬೆನ್ನ ಮೇಲಿನ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ಕಲ್ಲಿಗೆ ಒತ್ತಿ ಕೂತುಬಿಟ್ಟಿತು. ಗೋಡೆಗೆ ಮೊಳೆ ಹೊಡೆದ ಹಾಗೆ. ಬಾಲ ಹಿಡಿದು ಎಳೆದಳು, ಅಲ್ಲಾಡಲಿಲ್ಲ. ಮೆಲ್ಲಗೆ ತಳ್ಳಿದಳು, ಇನ್ನೂ ಬಿಗಿಯಾಯಿತು. ಇನ್ನಷ್ಟು ಎಳೆದರೆ ಮೀನೇ ಹರಿದುಹೋಗುತ್ತದೆ.

ಮೇಸ್ತ್ರಿ ‘ಆಯ್ತು, ಆಯ್ತು’ ಎನ್ನುತ್ತಿದ್ದ. ಅವನು ಆ ಮೀನನ್ನು ತೊಟ್ಟಿ ತೊಳೆಯುವಾಗಲೆಲ್ಲ ಹಿಡಿದು ಬಕೆಟ್ಟಿಗೆ ಹಾಕುತ್ತಿದ್ದುದು ಅವಳಿಗೆ ನೆನಪಿತ್ತು. ಒಂದು ನಿಮಿಷದ ಕೆಲಸ, ಶಿಳ್ಳೆ ಹಾಕುತ್ತ ಮಾಡುತ್ತಿದ್ದ. ಅಂದರೆ ಅದಕ್ಕೊಂದು ಉಪಾಯವಿದೆ. ಆ ಉಪಾಯ ಎರಡು ಮೊಳ ದೂರದಲ್ಲಿ ಕುರ್ಚಿಯ ಮೇಲೆ ಕೂತಿದೆ.

‘ಹೇಗ್ರೀ? ತೋರಿಸಿ. ಕೈಯಲ್ಲಿ ತೋರಿಸಿ.’

ಅವನು ಅವಳ ಗಾಯವಾಗದ ಕೈಯನ್ನು ಎಳೆದುಕೊಂಡು, ಅವಳ ನಡುಬೆರಳನ್ನು ನೆಟ್ಟಗೆ ನಿಲ್ಲಿಸಿ, ಅದರ ಹಿಂದಿನ ಬೆರಳನ್ನು ಹೆಬ್ಬೆರಳಿನಿಂದ ಒತ್ತಿದ. ಅವಳಿಗೆ ತಿಳಿಯಲಿಲ್ಲ. ಮತ್ತೆ ಒತ್ತಿದ. ‘ನೋವಿಲ್ಲ, ಆ ಕೈಗೆ ಏನೂ ಆಗಿಲ್ಲ’ ಎಂದಳು ಅವಳು. ಅವನು ಕೈ ಬಿಟ್ಟು ತನ್ನ ಹಣೆಯನ್ನೇ ಒಮ್ಮೆ ಗುದ್ದಿಕೊಂಡ. ಮಾತಿನ ಟೀಚರ್ ಬಿಟ್ಟುಹೋದ ಕಾರ್ಡುಗಳನ್ನು ಅವಳು ಅವನ ಮುಂದೆ ಹರಡಿದಳು. ಲೋಟ, ಚಪ್ಪಲಿ, ಸೂರ್ಯ, ಕುರ್ಚಿ, ನಾಯಿ. ಅವನು ಎಲ್ಲವನ್ನೂ ನೆಲಕ್ಕೆ ಸರಿಸಿದ.

ಅವಳು ಬಗ್ಗಿ ಕಾರ್ಡುಗಳನ್ನು ಹೆಕ್ಕಿದಳು. ಆಮೇಲೆ ಅವನು ವಾಕರ್ ಬೇಕೆಂದು ಸನ್ನೆ ಮಾಡಿದ. ಬಚ್ಚಲಿಗೆ ಇರಬೇಕೆಂದು ಅವಳು ಎಬ್ಬಿಸಿದರೆ ಅವನು ಕಾಲೆಳೆಯುತ್ತ ಹೊಲಿಗೆ ಯಂತ್ರದ ಕಡೆ ಹೋದ. ಯಂತ್ರದ ಪಕ್ಕ ನಿಂತು, ಸೂಜಿಯ ಹಿಂದಿರುವ ಪುಟ್ಟ ಲಿವರನ್ನು ಎಡಗೈ ಹೆಬ್ಬೆರಳಿನಿಂದ ಮೇಲಕ್ಕೆತ್ತಿದ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಮೇಲೆದ್ದು ನಿಂತಿತು. ಆಮೇಲೆ ಹಿಂದಿನ ಅದೇ ಲಿವರನ್ನು ಕೆಳಕ್ಕೆ ಒತ್ತಿದ. ಮುಂದಿನ ಪಾದ ಟಕ್ ಎಂದು ಬಿತ್ತು. ಅವಳ ಮುಖ ನೋಡಿದ. ಇನ್ನೊಮ್ಮೆ ಎತ್ತಿದ, ಇನ್ನೊಮ್ಮೆ ಒತ್ತಿದ. ಆಮೇಲೆ ತೊಟ್ಟಿಯ ಕಡೆ ಕೈ ತೋರಿಸಿ, ಆ ಕೈಯನ್ನು ತನ್ನ ಬೆನ್ನಿಗೆ ಮುಟ್ಟಿಸಿಕೊಂಡ.

ಅವಳು ದಿನಕ್ಕೆ ನೂರು ಸಲ ಒತ್ತುವ ಲಿವರದು.

‘ಹಿಂದೆ ಇನ್ನೊಂದು ಮುಳ್ಳಿದೆಯಾ?’ ಎಂದಳು. ‘ಅದನ್ನ ಒತ್ತಿದರೆ ಮುಂದಿನದು ಬೀಳತ್ತಾ?’

ಮೇಸ್ತ್ರಿ ಹೌದೆಂದು ತಲೆ ಆಡಿಸಿದ. ಅವನು ನಕ್ಕ, ಅರ್ಧ ಮುಖದಲ್ಲಿ, ಆದರೂ ನಗುವೇ.

ಅವಳು ಗ್ಲೌಸ್ ಹಾಕಿಕೊಂಡು ನೀರಿಗೆ ಕೈಯಿಟ್ಟು ತಡಕಿದಳು. ದೊಡ್ಡ ಮುಳ್ಳಿನ ಹಿಂದೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಇನ್ನೊಂದು ಸಿಕ್ಕಿತು. ಒತ್ತಿದಳು. ಮೇಲಿನ ಮುಳ್ಳು ಛತ್ರಿಯ ಹಾಗೆ ಮಡಿಸಿಕೊಂಡಿತು. ಪೈಲ್ವಾನ ಸಡಿಲವಾಗಿ ಬಲೆಗೆ ಜಾರಿತು. ಅವಳು ಅದನ್ನು ಟಬ್ಬಿಗೆ ಬಿಟ್ಟು, ಲೆಕ್ಕ ಹಾಕಿ ಔಷಧಿ ಹನಿಸಿ, ನೆಲದ ಮೇಲೆಯೇ ಕೂತು ಉಸಿರು ಬಿಟ್ಟಳು. ಆ ಸಂಜೆ ಅವರಿಬ್ಬರೂ ಹಬೆಯಾಡುವ ಊಟ ಮಾಡಿದರು. ಅವನು ಎರಡು ಸಲ ಬಡಿಸಿಕೊಂಡ.

ಶುಕ್ರವಾರ ಚುಕ್ಕೆ ಕಡಿಮೆಯಾದ ಹಾಗಿತ್ತು. ಮೇಸ್ತ್ರಿ ಎಡಗೈಯಿಂದ ಆಹಾರದ ಚೂರು ಹಿಡಿದರೆ ಪೈಲ್ವಾನ ಬಂದು, ಬೆರಳು ಕಚ್ಚದೆ, ಚೂರನ್ನು ಮಾತ್ರ ಎತ್ತಿಕೊಂಡಿತು. ಟೈಲರಕ್ಕ ಅದನ್ನು ನೋಡಿ ತಾನು ಗೆದ್ದೆ ಎಂದುಕೊಂಡಳು. ಶನಿವಾರ ಬೆಳಿಗ್ಗೆ ಮೀನು ಪಕ್ಕಕ್ಕೆ ವಾಲಿತ್ತು. ಕಿವಿರುಗಳು ಹೊಲಿಗೆ ಯಂತ್ರದ ಸೂಜಿಯಷ್ಟು ಬೇಗ ಬಡಿಯುತ್ತಿದ್ದವು.

ಮೂರು ದಿನದಿಂದ ಎತ್ತದಿದ್ದ ಮೀನಪ್ಪನ ಫೋನು ಅಂದು ಹೇಗೋ ಸಿಕ್ಕಿತು. ಮಗಳು ಎತ್ತಿ ಅಪ್ಪನ ಕಿವಿಗೆ ಹಿಡಿದಳು. ಟೈಲರಕ್ಕ ಗಂಡನಿಗೂ ಕೇಳಿಸಲಿ ಎಂದು ಸ್ಪೀಕರ್ ಒತ್ತಿ, ಮೊದಲಿನಿಂದ ಎಲ್ಲ ಹೇಳಿದಳು. ಮೀನಪ್ಪ ನಡುವೆ ಬಾಯಿ ಹಾಕದೆ ಕೇಳಿದ.

‘ಚುಕ್ಕೆ ಕಂಡಿದ್ದು ಯಾವತ್ತು?’

‘ಸೋಮವಾರ.’

‘ಔಷಧಿ ಬಿದ್ದಿದ್ದು?’

‘ಗುರುವಾರ ಸಾಯಂಕಾಲ.’

‘ಕಿವಿರಿಗೆ ಹತ್ತಿಬಿಟ್ಟಿದೆ ತಾಯಿ. ಇನ್ನು ನಾವು ಮಾಡೋದು ಏನೂ ಇಲ್ಲ. ನಾನಿದ್ದಿದ್ರೆ ಆ ಸೀಗಡಿ ಕೊಡ್ತಾನೇ ಇರಲಿಲ್ಲ. ಸೋಮವಾರವೋ ಮಂಗಳವಾರವೋ ಔಷಧಿ ಕೊಟ್ಟಿದ್ರೆ…’ ಅಷ್ಟಕ್ಕೆ ನಿಲ್ಲಿಸಿ, ‘ಮೇಸ್ತ್ರಿಗಳು ಇದ್ದಾರಾ? ಮೇಸ್ತ್ರೀ, ಕೇಳಿಸ್ತಿದೆಯಾ?’ ಎಂದ.

‘ಆಯ್ತು’ ಎಂದ ಮೇಸ್ತ್ರಿ.

‘ಹಾಂ, ಹಾಗೆ ಧೈರ್ಯವಾಗಿರಬೇಕು’ ಎಂದ ಮೀನಪ್ಪ, ಮೆಚ್ಚಿಕೊಂಡು. ಮೇಸ್ತ್ರಿಯ ಮುಖ ನೋಡಲಾಗದೆ ಟೈಲರಕ್ಕ ಫೋನನ್ನು ಮಡಚಿಟ್ಟ ಬಟ್ಟೆಗಳ ಮೇಲೆ ಬೋರಲು ಹಾಕಿದಳು.

ಎರಡು ದಿನ. ಸೀಗಡಿ ಬಿಡದೇ ಇದ್ದಿದ್ದರೆ ಆ ಎರಡು ದಿನ ಉಳಿಯುತ್ತಿದ್ದವು. ಅವಳು ಕಿವಿಗೊಟ್ಟಿದ್ದರೆ ಸೀಗಡಿ ಬಿಡುತ್ತಲೇ ಇರಲಿಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅವನು ಹೇಳುವ ಹಾಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಆ ಮಧ್ಯಾಹ್ನ ಶಾಲೆಯ ಸಮವಸ್ತ್ರಗಳನ್ನು ಕೊಟ್ಟುಬರಲೇಬೇಕಿತ್ತು. ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಹೇಳಿ ಹೋದವಳಿಗೆ ಬಸ್ಸು ಸಿಗದೆ ಎರಡು ಗಂಟೆ ಮೀರಿತು. ಬಾಗಿಲು ತೆರೆದರೆ ಕುರ್ಚಿ ಖಾಲಿ. ಮೇಸ್ತ್ರಿ ಟಬ್ಬಿನ ಪಕ್ಕ ನೆಲದ ಮೇಲೆ ಕೂತಿದ್ದ, ಬಲಗಾಲು ಮೈಯ ಕೆಳಗೆ ಮಡಚಿಕೊಂಡು, ಪ್ಯಾಂಟೆಲ್ಲ ಉಪ್ಪುನೀರಿನಲ್ಲಿ ಒದ್ದೆ. ಬಿದ್ದನೋ, ಹತ್ತಿರದಿಂದ ನೋಡಬೇಕೆಂದು ತಾನೇ ಜಾರಿ ಇಳಿದನೋ. ಇಳಿದವನಿಗೆ ಏಳಲಾಗಿಲ್ಲ. ಕೂಗಿದರೆ ಆ ಒಂದು ಪದವೇ ಬರುತ್ತಿತ್ತು. ಪಕ್ಕದ ಮನೆಯವರು ಕೇಳಿದ್ದರೂ ದಿನವೂ ಕೇಳುವ ಮಾತೆಂದು ಸುಮ್ಮನಿದ್ದಿರುತ್ತಾರೆ. ಟಬ್ಬಿನಲ್ಲಿ ಪೈಲ್ವಾನ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಗಾಳಿಯ ಗುಳ್ಳೆಗಳು ಅದನ್ನು ಮೆಲ್ಲಗೆ ತಿರುಗಿಸುತ್ತಿದ್ದವು.

ಅವಳು ಅವನ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದಳು, ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಮೂರನೆಯ ಸಲ ಅವಳೂ ಅವನ ಪಕ್ಕ ಕುಸಿದು ಕೂತಳು. ಅವನ ಮೈ ತಣ್ಣಗಿತ್ತು, ಗದಗದ ನಡುಗುತ್ತಿತ್ತು. ಕೊನೆಗೆ ಅವಳು ಬಾಗಿಲಿಗೆ ಹೋಗಿ, ಪಕ್ಕದ ಮನೆಯ ಬಡಗಿಯನ್ನು ಕರೆದಳು. ಬಡಗಿ ಬಂದು, ಏನೂ ಕೇಳದೆ, ಮೇಸ್ತ್ರಿಯನ್ನು ಹಲಗೆ ಎತ್ತುವಷ್ಟು ಸಲೀಸಾಗಿ ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಹೋಗುವಾಗ ಟಬ್ಬಿನ ಕಡೆ ನೋಡಿ ‘ಛೆ’ ಎಂದ.

ಅವಳು ಅವನ ಬಟ್ಟೆ ಬದಲಿಸಿ, ಕಾಲು ಒರೆಸಿ, ಮರಗಟ್ಟಿದ ಮೀನಖಂಡ ತಿಕ್ಕಿದಳು. ‘ಬೈಯಿರಿ’ ಎಂದಳು ತಲೆ ಎತ್ತದೆ. ‘ಏನಾದರೂ ಅನ್ನಿ.’

ಅವನು ಏನೂ ಅನ್ನಲಿಲ್ಲ. ಆ ಪದವನ್ನೂ ಅನ್ನಲಿಲ್ಲ. ಎಡಗೈ ಎತ್ತಿ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸು ಎಂದು ಸನ್ನೆ ಮಾಡಿದ. ಅವಳು ತಿರುಗಿಸಿದಳು. ಕಿಟಕಿಯಾಚೆ ಎದುರು ಮನೆಯ ಗೋಡೆ, ಒಂದು ನೀರಿನ ಪೈಪು, ಅಷ್ಟೇ.

ಅಂದಿನಿಂದ ಅವನು ಅತ್ತಲೇ ಕೂರತೊಡಗಿದ. ಮಾತಿನ ಟೀಚರ್ ಬಂದರೆ ಕಾರ್ಡು ನೋಡುತ್ತಿದ್ದ, ತೊಟ್ಟಿ ನೋಡುತ್ತಿರಲಿಲ್ಲ. ನಾದಿನಿ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದಳು. ಮೀನಪ್ಪ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಒಂದು ಸಲ ಬಂದು ಕೂತು, ಇನ್ನೊಂದು ಮೀನು ತಂದುಕೊಡಲೇ ಎಂದು ಕೇಳಿ, ಮೇಸ್ತ್ರಿಯ ಬೆನ್ನು ನೋಡಿ, ಚಹಾ ಕುಡಿದು ಹೋದ.

ಟೈಲರಕ್ಕ ತೊಟ್ಟಿಯನ್ನು ಕೊಡಲಿಲ್ಲ. ಅವನು ಬೇಡ ಎಂದನೋ ಬೇಕು ಎಂದನೋ ತಿಳಿಯದೆ ಇನ್ನೊಂದು ಕೆಲಸ ಮಾಡುವ ಧೈರ್ಯ ಅವಳಿಗಿರಲಿಲ್ಲ. ಬಕೆಟ್ಟಿಗೆ ಉಪ್ಪು ಹಾಕುವಾಗ ಈಗ ಯಾರೂ ಕೈ ಎತ್ತಿ ಇಳಿಸುತ್ತಿರಲಿಲ್ಲ. ಅಂದಾಜಿನ ಮೇಲೆ ಹಾಕಿ, ನೀರಿನ ಉಪ್ಪು ಅಳೆಯುವ ಗಾಜಿನ ಕಡ್ಡಿಯನ್ನು ಮತ್ತೆ ಮತ್ತೆ ಮುಳುಗಿಸಿ ನೋಡುತ್ತಿದ್ದಳು.

ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಗಾಜು ಉಜ್ಜಲು ಕೈ ಇಳಿಬಿಟ್ಟಾಗ ಕಿಂಡಿಯಿಂದ ಬಿಳಿ ಮೀಸೆಗಳು ಹೊರಬಂದವು. ಹಿಂದೆಯೇ ಸೀಗಡಿ. ನೀಲಿ ಮೀನುಗಳು ಅಟ್ಟಿಸಿಕೊಂಡು ಬಂದರೂ ಲೆಕ್ಕಿಸದೆ ಅದು ಅವಳ ಕೈಮೇಲೆ ಹತ್ತಿತು. ಎಳೆಯಂಥ ಕಾಲುಗಳಿಂದ ಬೆರಳುಗಳ ಮೇಲೆ ನಡೆದು, ಉಗುರಿನ ಅಂಚಿನಲ್ಲಿ ಸತ್ತ ಚರ್ಮ ಹುಡುಕಿ, ಒಂದೊಂದೇ ಚೂರು ಹೆಕ್ಕತೊಡಗಿತು. ಕಚಗುಳಿಯಾಯಿತು. ಅವಳು ಉಸಿರು ಹಿಡಿದು ನಿಂತಳು.

‘ರೀ’ ಎಂದಳು ಮೆಲ್ಲಗೆ. ‘ಇಲ್ಲಿ ನೋಡಿ. ಬದುಕಿದೆ.’

ಕಿಟಕಿಯ ಬಳಿ ಅವನ ಭುಜ ಒಂದಿಷ್ಟು ಅಲುಗಾಡಿದ ಹಾಗೆ ಕಂಡಿತು. ತಿರುಗಲಿಲ್ಲ. ಅವಳು ಇನ್ನೊಮ್ಮೆ ಕರೆಯಲಿಲ್ಲ. ತೋಳು ಮರಗಟ್ಟುವವರೆಗೆ ಹಾಗೇ ನಿಂತಿದ್ದು, ಸೀಗಡಿ ತಾನಾಗಿ ಇಳಿದು ಹೋದ ಮೇಲೆ ಕೈ ಹೊರತೆಗೆದು ಒರೆಸಿಕೊಂಡಳು. ಬಾಗಿಲಲ್ಲಿ ಯಾರೋ ಪ್ಯಾಂಟಿನ ಅಳತೆ ಕೊಡಲು ಬಂದು ಕಾಯುತ್ತಿದ್ದರು.